ಸಂಜಯನ ಸ್ಮರಣೆ, ಅರ್ಜುನನ ಮರೆವು

ನವರಾತ್ರಿ ಬಂದಿತೆಂದರೆ ಪುಣೆಯ ಕನ್ನಡ ಮನೆಗಳಲ್ಲಿ ಎರಡು ಹಬ್ಬಗಳು ಏಕಕಾಲಕ್ಕೆ ನಡೆಯುತ್ತವೆ. ಒಂದು, ಘಟವನ್ನು ಸ್ಥಾಪಿಸಿ, ನಂದಾದೀಪವನ್ನು ಹಚ್ಚಿ, ಮೈಸೂರು ಸೀಮೆಯವರಾದರೆ ಮೆಟ್ಟಿಲುಗಳ ಮೇಲೆ ಬೊಂಬೆಗಳನ್ನು ಕೂರಿಸಿ ಆಚರಿಸುವ ಕಣ್ಣೆದುರಿನ ಹಬ್ಬ. ಇನ್ನೊಂದು, ಹಿರಿಯರ ಮಾತಿನಲ್ಲಿ ನಡೆಯುವ ಹಬ್ಬ. ಅದು ಧಾರವಾಡದ ಯಾವುದೋ ಓಣಿಯಲ್ಲಿ, ಅಥವಾ ಮೈಸೂರಿನ ಸಯ್ಯಾಜಿರಾವ್ ರಸ್ತೆಯ ಅಂಚಿನಲ್ಲಿ ಎಂದೋ ನಡೆದುಹೋದುದು. ಸಾತಾರೆಯ ಕಡೆಯಿಂದ ಬಂದ ಬಸ್ಸು ಕಾತ್ರಜದ ಹಳೆಯ ಸುರಂಗವನ್ನು ದಾಟಿ ಘಟ್ಟವನ್ನು ಇಳಿಯತೊಡಗಿದಾಗ ಮೊಟ್ಟಮೊದಲು ಪುಣೆಯ ದೀಪಗಳನ್ನು ಕಂಡ ಕನ್ನಡಿಗರು ಅನೇಕರು. ಅವರಲ್ಲಿ ಕೆಲವರು ಆ ಘಟ್ಟದ ಬುಡದಲ್ಲಿಯೇ ಮನೆ ಮಾಡಿ ನಿಂತರು. ಅವರ ಮಕ್ಕಳು ಇಲ್ಲಿಯೇ ಹುಟ್ಟಿದರು, ಮೊಮ್ಮಕ್ಕಳು ಇಲ್ಲಿಯೇ ಬೆಳೆಯುತ್ತಿದ್ದಾರೆ. ಹಿರಿಯರಿಗೆ ಆ ಎರಡನೆಯ ಹಬ್ಬವೇ ನಿಜವಾದುದು. ಮೊಮ್ಮಕ್ಕಳಿಗೆ ಇರುವುದು ಮೊದಲನೆಯದೊಂದೇ.

ಆದುದರಿಂದ ಅನುಭವಿಸುವುದು ಹೆಚ್ಚಿನದೋ, ಅನುಭವಿಸಿದ್ದನ್ನು ನೆನೆಯುವುದು ಹೆಚ್ಚಿನದೋ ಎಂಬ ಪ್ರಶ್ನೆಯು ಇಂತಹ ಮನೆಗಳಲ್ಲಿ ಕೇವಲ ತರ್ಕದ ವಿನೋದವಾಗಿ ಉಳಿಯುವುದಿಲ್ಲ. ನೆನಪೇ ಹೆಚ್ಚಿನದೆಂದು ತೀರ್ಮಾನವಾದರೆ, ಇಲ್ಲಿ ಹುಟ್ಟಿದ ಮಗುವಿನ ಹಬ್ಬವು ಮೊದಲಿನಿಂದಲೇ ಸೋತ ಹಬ್ಬವಾಗುತ್ತದೆ. ಅನುಭವವೇ ಸರ್ವಸ್ವವೆಂದಾದರೆ, ಊರನ್ನು ಬಿಟ್ಟು ಬಂದ ವೃದ್ಧರ ಐವತ್ತು ವರ್ಷಗಳ ಧ್ಯಾನವು ವ್ಯರ್ಥವಾಗುತ್ತದೆ.

ನಮ್ಮ ಶಾಸ್ತ್ರಕಾರರು ಈ ವಿಷಯದಲ್ಲಿ ಒಮ್ಮತದವರಲ್ಲ. ತರ್ಕಸಂಗ್ರಹದ ಅನ್ನಂಭಟ್ಟನು ಜ್ಞಾನವನ್ನು ಸ್ಮೃತಿ ಮತ್ತು ಅನುಭವ ಎಂದು ಎರಡಾಗಿ ವಿಂಗಡಿಸುತ್ತಾನೆ. ಸಂಸ್ಕಾರವೊಂದರಿಂದಲೇ ಹುಟ್ಟುವ ಸ್ಮೃತಿಗೆ ನೈಯಾಯಿಕರು ಪ್ರಮಾಣದ ಪಟ್ಟವನ್ನು ಕೊಡುವುದಿಲ್ಲ. ಅವರ ದೃಷ್ಟಿಯಲ್ಲಿ ನೆನಪು ಎಂದೋ ಪಡೆದ ಜ್ಞಾನದ ನೆರಳು ಮಾತ್ರ. ಶ್ರೀಮನ್ಮಧ್ವಾಚಾರ್ಯರ ಪರಂಪರೆಯವರು ಇದನ್ನು ಒಪ್ಪಲಿಲ್ಲ. ಟೀಕಾಚಾರ್ಯರೆಂದು ಪ್ರಸಿದ್ಧರಾದ ಜಯತೀರ್ಥರು ಸ್ಮೃತಿಯೂ ಯಥಾರ್ಥಜ್ಞಾನವೇ, ಅದು ಮನಸ್ಸೆಂಬ ಇಂದ್ರಿಯದ ಪ್ರತ್ಯಕ್ಷವೇ ಎಂದು ಸಾಧಿಸಿದರು. ಎಂದರೆ, ನೆನೆಯುವವನು ಹಳೆಯದನ್ನು ಬರಿದೆ ಪುನಃ ಹೊರಳಿಸುತ್ತಿಲ್ಲ. ಅವನು ಈಗ, ಮನಸ್ಸಿನಿಂದ, ಕಾಣುತ್ತಿದ್ದಾನೆ. ದೇಶಾಂತರದಲ್ಲಿ ನೆಲೆಸಿದವರಿಗೆ ಈ ಮತವು ಸಹಜವಾಗಿಯೇ ಪ್ರಿಯವಾದೀತು. ಪ್ರಿಯವಾದ ಮತವನ್ನು ಸ್ವಲ್ಪ ಎಚ್ಚರದಿಂದ ಪರೀಕ್ಷಿಸಬೇಕೆಂಬುದೂ ಅಷ್ಟೇ ಸಹಜ.

ಈ ಪರೀಕ್ಷೆಗೆ ಮಹಾಭಾರತಕ್ಕಿಂತ ಉತ್ತಮವಾದ ಒರೆಗಲ್ಲು ಸಿಕ್ಕದು. 1980ರ ದಶಕದ ಕೊನೆಯಲ್ಲಿ ದೂರದರ್ಶನದ ಮಹಾಭಾರತವನ್ನು ಕಂಡವರೆಲ್ಲರ ಮನಸ್ಸಿನಲ್ಲಿ ಒಂದು ಚಿತ್ರ ನೆಲೆಯೂರಿದೆ: ಅತ್ತ ಕುರುಕ್ಷೇತ್ರದಲ್ಲಿ ಯುದ್ಧ ನಡೆಯುತ್ತಿದೆ, ಇತ್ತ ಅರಮನೆಯಲ್ಲಿ ಸಂಜಯನು ಕುರುಡು ದೊರೆಗೆ ಕ್ಷಣಕ್ಷಣದ ವಾರ್ತೆಯನ್ನು ಹೇಳುತ್ತಿದ್ದಾನೆ. ವ್ಯಾಸರ ಭೀಷ್ಮಪರ್ವವನ್ನು ತೆರೆದು ನೋಡಿದರೆ ಕಥೆ ಬೇರೆಯಾಗಿದೆ. ಹತ್ತು ದಿನಗಳ ಯುದ್ಧವು ಮುಗಿದು, ಭೀಷ್ಮನು ಶರಶಯ್ಯೆಯಲ್ಲಿ ಒರಗಿದ ಮೇಲೆ ಸಂಜಯನು ರಣರಂಗದಿಂದ ಧಾವಿಸಿ ಬಂದು ಆ ದುರ್ವಾರ್ತೆಯನ್ನು ಧೃತರಾಷ್ಟ್ರನಿಗೆ ಅರುಹುತ್ತಾನೆ. ದೊರೆಯು ಗೋಳಾಡಿ, ಮೊದಲಿನಿಂದ ಏನೇನು ನಡೆಯಿತು ಹೇಳು ಎನ್ನುತ್ತಾನೆ. ಭಗವದ್ಗೀತೆಯು ಬರುವುದು ಆ ಬಳಿಕ. ಗೀತೆಯ ಮೊದಲ ಶ್ಲೋಕದ ಪ್ರಶ್ನೆಯೇ ಭೂತಕಾಲದ್ದು. ಎಂದ ಮೇಲೆ, ಲೋಕಕ್ಕೆ ದೊರೆತ ಗೀತೆಯು ಕೃಷ್ಣನ ಬಾಯಿಂದ ನೇರವಾಗಿ ಹರಿದು ಬಂದುದಲ್ಲ; ಅದು ಸಂಜಯನ ನೆನಪು.

ಅದೇ ಗೀತೆಯನ್ನು ಇಬ್ಬರು ಹೇಗೆ ಹೊತ್ತರೆಂಬುದನ್ನು ನೋಡಬೇಕು. ಅರ್ಜುನನಿಗೆ ಅದು ಸಾಕ್ಷಾತ್ ಅನುಭವ. ರಥದಲ್ಲಿ ಕುಳಿತು ಕೇಳಿದವನು ಅವನು, ದಿವ್ಯಚಕ್ಷುಸ್ಸನ್ನು ಪಡೆದು ವಿಶ್ವರೂಪವನ್ನು ಕಂಡವನು ಅವನು. ಕಂಡು ಹಿಗ್ಗಿದನಾದರೂ ಭಯದಿಂದ ಅವನ ಮನಸ್ಸು ತತ್ತರಿಸಿತು. ಈ ರೂಪ ಸಾಕು, ಹಿಂದಿನ ಸೌಮ್ಯರೂಪವನ್ನೇ ತೋರು ಎಂದು ಬೇಡಿದನು. ಸಂಜಯನು ಅದೇ ರೂಪವನ್ನು ಗೀತೆಯ ಕೊನೆಯಲ್ಲಿ ನೆನೆಯುತ್ತಾನೆ. ನೆನೆನೆನೆದು ಬೆರಗಾಗುತ್ತಾನೆ, ಮತ್ತೆ ಮತ್ತೆ ಹರ್ಷಿಸುತ್ತಾನೆ. ಅನುಭವದಲ್ಲಿ ಭೀತಿಯನ್ನು ಕೊಟ್ಟುದು ಸ್ಮರಣೆಯಲ್ಲಿ ಆನಂದವನ್ನು ಕೊಟ್ಟಿತು.

ಕಥೆ ಇಲ್ಲಿಗೇ ನಿಲ್ಲುವುದಿಲ್ಲ. ಯುದ್ಧವೆಲ್ಲ ಮುಗಿದು, ಕೃಷ್ಣನು ದ್ವಾರಕೆಗೆ ಹೊರಡಲಿರುವ ಹೊತ್ತಿನಲ್ಲಿ ಅರ್ಜುನನು ಅವನಿಗೆ ಒಂದು ವಿಚಿತ್ರವಾದ ಮಾತನ್ನು ಹೇಳುತ್ತಾನೆ: ನೀನು ಯುದ್ಧದ ಆರಂಭದಲ್ಲಿ ಉಪದೇಶಿಸಿದುದೆಲ್ಲವೂ ನನಗೆ ಮರೆತುಹೋಗಿದೆ, ಇನ್ನೊಮ್ಮೆ ಹೇಳು. ಆಶ್ವಮೇಧಿಕಪರ್ವದ ಅನುಗೀತೆಯ ಪ್ರಾರಂಭದಲ್ಲಿ ಈ ಪ್ರಸಂಗವಿದೆ. ಕೃಷ್ಣನು ಅವನನ್ನು ಆಲಿಂಗಿಸಿಕೊಂಡರೂ ತನ್ನ ಅಸಮಾಧಾನವನ್ನು ಮರೆಮಾಡುವುದಿಲ್ಲ. ಅಂದು ಯೋಗಯುಕ್ತನಾಗಿ ಹೇಳಿದುದನ್ನು ಇಂದು ಹಾಗೆಯೇ ಪೂರ್ಣವಾಗಿ ಹೇಳಲು ತನ್ನಿಂದಲೂ ಆಗದು ಎನ್ನುತ್ತಾನೆ. ಸ್ವಯಂ ಭಗವಂತನ ಬಾಯಿಂದ ಕೇಳಿದವನು ಮರೆತನು. ಪರೋಕ್ಷವಾಗಿ, ವ್ಯಾಸರ ಅನುಗ್ರಹದಿಂದ ಕೇಳಿದ ಸೂತನು ಉಳಿಸಿಕೊಂಡನು!

ಇಷ್ಟನ್ನೇ ಕೇಳಿ ತೀರ್ಪನ್ನು ಸ್ಮರಣೆಯ ಪರವಾಗಿ ಕೊಟ್ಟುಬಿಡುವುದು ಅರ್ಜುನನಿಗೆ ಮಾಡುವ ಅನ್ಯಾಯ. ಗೀತೆಯನ್ನು ಕೇಳಿದೊಡನೆ ಅವನು ಮಾಡಬೇಕಾದ ಕಾರ್ಯವೊಂದಿತ್ತು. ಕೆಳಗಿಟ್ಟ ಬಿಲ್ಲನ್ನು ಎತ್ತಬೇಕಾಗಿತ್ತು. ಹದಿನೆಂಟು ದಿನ ಕಾದಬೇಕಾಗಿತ್ತು. ಆ ನಡುವೆ ಮಗನನ್ನು ಕಳೆದುಕೊಂಡನು. ಅವನ ಪಾಲಿಗೆ ಉಪದೇಶವು ಕರ್ಮವಾಗಿ ಕರಗಿಹೋಯಿತು. ಅನ್ನವು ರಕ್ತವಾದ ಮೇಲೆ ಅನ್ನವನ್ನು ಹುಡುಕುವುದುಂಟೇ? ಸಂಜಯನಿಗಾದರೋ ಗೆಲ್ಲಬೇಕಾದ ಯುದ್ಧವಿರಲಿಲ್ಲ. ದಡದಲ್ಲಿ ನಿಂತವನು ಹೊಳೆಯ ಸೊಬಗನ್ನು ಈಜುವವನಿಗಿಂತ ಚೆನ್ನಾಗಿ ಬಣ್ಣಿಸಬಲ್ಲನು.

ಆದರೂ ಒಂದು ಅಂಶ ಉಳಿಯುತ್ತದೆ. ಸಂಜಯನಿಗೆ ಗೀತೆಯು ಮರೆಯದೆ ಉಳಿದುದು ಏಕೆ? ಅದನ್ನು ಅವನು ಇನ್ನೊಬ್ಬನಿಗೆ ಹೇಳಬೇಕಾಗಿತ್ತು. ಆ ಇನ್ನೊಬ್ಬನು ಕಣ್ಣಿಲ್ಲದವನು, ಅಲ್ಲಿಗೆ ಹೋಗಲಾರದವನು, ತಾನಾಗಿ ಏನನ್ನೂ ಕಾಣಲಾರದವನು. ಕಾಣದವನಿಗೆ ಕಾಣಿಸುವ ಹೊಣೆಯು ಸಂಜಯನ ಸ್ಮರಣೆಯನ್ನು ಹಸಿಯಾಗಿ ಇರಿಸಿತು. ಅರ್ಜುನನಾದರೋ ಪಡೆದುದನ್ನು ಯಾರಿಗೂ ಹೇಳಿದಂತೆ ಕಾಣುವುದಿಲ್ಲ. ನವವಿಧ ಭಕ್ತಿಯಲ್ಲಿ ಶ್ರವಣದ ಬಳಿಕ ಕೀರ್ತನ, ಕೀರ್ತನದ ಬಳಿಕ ಸ್ಮರಣ ಎಂದು ಭಾಗವತವು ಕ್ರಮವನ್ನಿಟ್ಟಿದೆ. ಮೊದಲು ನೆನೆದು ಆಮೇಲೆ ಹಾಡುವುದು ಲೋಕದ ರೂಢಿ ಎಂದು ತೋರುತ್ತದೆಯಷ್ಟೆ. ಇಲ್ಲಿ ಹಾಡಿದವನಿಗೇ ನೆನಪು ನಿಲ್ಲುತ್ತದೆ ಎಂಬ ಸೂಚನೆಯಿದೆಯೇನೋ.

ಕಾತ್ರಜದ ನಿವಾಸಿಗಳಿಗೆ ಇದಕ್ಕೆ ಒಂದು ದೃಷ್ಟಾಂತವು ಮನೆಯ ಬಳಿಯಲ್ಲಿಯೇ ಇದೆ. ಹದಿನೆಂಟನೆಯ ಶತಮಾನದ ಮಧ್ಯಭಾಗದಲ್ಲಿ, ನಾನಾಸಾಹೇಬ ಪೇಶ್ವೆಯ ಕಾಲದಲ್ಲಿ, ಇಲ್ಲಿ ಕೆರೆಯನ್ನು ಕಟ್ಟಿ, ಗುಡ್ಡಗಳಿಂದಿಳಿದ ಮಳೆನೀರನ್ನು ನೆಲದೊಳಗಿನ ಕಾಲುವೆಯೊಂದರಲ್ಲಿ ಪುಣೆಯ ಪೇಟೆಗಳಿಗೂ ಶನಿವಾರವಾಡೆಗೂ ಒಯ್ದರು. ನೂಕುವ ಯಂತ್ರವಿಲ್ಲದೆ, ಇಳಿಜಾರನ್ನೇ ನಂಬಿ, ಮೈಲಿಗಟ್ಟಲೆ ಕತ್ತಲೆಯಲ್ಲಿ ಹರಿದ ಆ ನೀರು ಹೌದ್ ಎಂದು ಮರಾಠಿಗರು ಕರೆಯುವ ಕಲ್ಲಿನ ತೊಟ್ಟಿಗಳಲ್ಲಿ ಬೆಳಕನ್ನು ಕಾಣುತ್ತಿತ್ತು. ಮಳೆ ಬಿದ್ದುದು ಕಾತ್ರಜದಲ್ಲಿ. ಕೊಡ ತುಂಬಿದುದು ಆ ಮಳೆಯನ್ನು ಕಾಣದವರ ಮನೆಯಲ್ಲಿ. ಕಾಲುವೆಯನ್ನು ಮುಚ್ಚಿಬಿಟ್ಟಿದ್ದರೂ ಕೆರೆಯೇನೋ ತುಂಬಿಯೇ ಇರುತ್ತಿತ್ತು, ಪೇಟೆಯ ತೊಟ್ಟಿಗಳು ಒಣಗುತ್ತಿದ್ದವು.

ಇನ್ನು ಸ್ಮರಣೆಯ ದೋಷದ ಮಾತು. ನೆನಪು ಪ್ರಾಮಾಣಿಕ ಸಾಕ್ಷಿಯಲ್ಲವೆಂಬುದನ್ನು ಇತ್ತೀಚಿನ ಮನಶ್ಶಾಸ್ತ್ರಜ್ಞರು ಪ್ರಯೋಗಗಳಿಂದ ತೋರಿಸಿದ್ದಾರೆ. ಡೇನಿಯಲ್ ಕಾನ್ಮನ್ ಮತ್ತು ಅವರ ಸಹೋದ್ಯೋಗಿಗಳು 1993ರಲ್ಲಿ ಪ್ರಕಟಿಸಿದ ಒಂದು ಪ್ರಯೋಗವು ಪ್ರಸಿದ್ಧವಾಗಿದೆ. ಭಾಗವಹಿಸಿದವರು ಒಂದು ಸಲ 14 ಡಿಗ್ರಿ ಸೆಂಟಿಗ್ರೇಡಿನ ತಣ್ಣೀರಿನಲ್ಲಿ 60 ಸೆಕೆಂಡು ಕೈಯಿಟ್ಟರು. ಇನ್ನೊಂದು ಸಲ ಅದೇ 60 ಸೆಕೆಂಡುಗಳ ಮೇಲೆ ಮತ್ತೆ 30 ಸೆಕೆಂಡು ಇಟ್ಟರು. ಆ ಕೊನೆಯ ಅರ್ಧ ನಿಮಿಷದಲ್ಲಿ ಮಾತ್ರ ನೀರು ಮೆಲ್ಲಗೆ 15 ಡಿಗ್ರಿಗೆ ಏರಿತು. ಯಾವುದನ್ನು ಪುನಃ ಮಾಡುವಿರಿ ಎಂದು ಕೇಳಿದಾಗ ಹೆಚ್ಚಿನವರು ದೀರ್ಘವಾದುದನ್ನೇ, ಎಂದರೆ ಹೆಚ್ಚು ನೋವಿನದನ್ನೇ ಆರಿಸಿದರು. ನೆನಪು ಕಾಲದ ಉದ್ದವನ್ನು ಲೆಕ್ಕಿಸುವುದಿಲ್ಲ. ತೀವ್ರವಾದ ಗಳಿಗೆಯನ್ನೂ ಕೊನೆಯ ಗಳಿಗೆಯನ್ನೂ ಹಿಡಿದು ಉಳಿದುದನ್ನು ಬಿಟ್ಟುಬಿಡುತ್ತದೆ. ಕಾನ್ಮನ್ ಅವರು ಇದರಿಂದ ಅನುಭವಿಸುವ ‘ನಾನು’ ಬೇರೆ, ನೆನೆಯುವ ‘ನಾನು’ ಬೇರೆ ಎಂಬ ವಿಂಗಡಣೆಗೆ ಬಂದರು.

ಹಿರಿಯರ ದಸರೆಗೆ ಈ ಅಳತೆಗೋಲನ್ನು ಹಿಡಿದು ನೋಡಬಹುದು. ಜಯಚಾಮರಾಜ ಒಡೆಯರು ಚಿನ್ನದ ಅಂಬಾರಿಯಲ್ಲಿ ಕುಳಿತು ಬಂದುದನ್ನು ಕಂಡ ವೃದ್ಧರಿಗೆ ಆ ಒಂದು ನಿಮಿಷ ಇಂದಿಗೂ ಉಜ್ಜ್ವಲವಾಗಿದೆ. ಅದಕ್ಕೆ ಮುಂಚೆ ಬಿಸಿಲಿನಲ್ಲಿ ಕಾದ ಗಂಟೆಗಳು, ನೂಕುನುಗ್ಗಲು, ಅಪ್ಪನ ಬರಿಗಿಸೆ, ಕೇಳಿದ ಗಿಲಕಿ ಕೊಡಿಸಲಿಲ್ಲವೆಂದು ಅತ್ತುದು, ಇವೆಲ್ಲ ಸೋಸಿಹೋಗಿವೆ. ಇಂದಿನ ಹಬ್ಬವಾದರೋ ಸೋಸಿಲ್ಲದ್ದು: ಬಾಡಿಗೆಯ ಚಿಂತೆ, ರಸ್ತೆಯ ವಾಹನಗಳ ಗದ್ದಲ, ರಜೆ ಸಿಕ್ಕದ ಮಗ, ನೀರಿನ ಟ್ಯಾಂಕರು ಎಲ್ಲವೂ ಅದರಲ್ಲಿ ಕೂಡಿಕೊಂಡಿವೆ. ಸೋಸಿದ ನಿನ್ನೆಯನ್ನು ಸೋಸದ ಇಂದಿನೊಡನೆ ತಕ್ಕಡಿಯಲ್ಲಿಟ್ಟು ತೂಗಿದರೆ ಮುಳ್ಳು ಯಾವ ಕಡೆ ವಾಲೀತೆಂಬುದನ್ನು ಹೇಳಬೇಕಾದುದಿಲ್ಲ. ‘ಇದೆಂಥ ದಸರೆ, ದಸರೆ ನೋಡಬೇಕಾದರೆ ನಮ್ಮ ಕಾಲದಲ್ಲಿ ನೋಡಬೇಕಿತ್ತು’ ಎಂಬ ಮಾತನ್ನು ಪ್ರತಿವರ್ಷವೂ ಕೇಳುವ ಎಳೆಯ ಮಗುವು ತನಗೆ ದೊರೆತುದು ಎಂಜಲು ಹಬ್ಬವೆಂದು ನಂಬಿಬಿಡುತ್ತದೆ. ಅಜ್ಜನ ನೆನಪು ಮೊಮ್ಮಗಳ ಅನುಭವವನ್ನು ತಿಂದುಹಾಕುವ ರೀತಿ ಇದು. ಸಂಜಯನು ಹೀಗೆ ಮಾತನಾಡಿದ್ದರೆ ಧೃತರಾಷ್ಟ್ರನಿಗೆ ಗೀತೆಯ ಬದಲು ತನ್ನ ಕುರುಡುತನವೊಂದೇ ಕೇಳಿಸುತ್ತಿತ್ತು.

ಭಾಗವತದ ಹತ್ತನೆಯ ಸ್ಕಂಧದಲ್ಲಿ ಕೃಷ್ಣನು ಉದ್ಧವನ ಮೂಲಕ ಗೋಪಿಯರಿಗೆ ಕಳುಹಿದ ಸಂದೇಶವೂ ಇಲ್ಲಿ ವಿಚಾರಾರ್ಹವಾಗಿದೆ. ತಾನು ದೂರವಿರುವುದು ಅವರ ಮನಸ್ಸು ತನ್ನಲ್ಲಿ ನೆಲೆಗೊಳ್ಳಲೆಂದೇ. ಕಣ್ಣೆದುರಿಗಿರುವ ಪ್ರಿಯನಲ್ಲಿ ನೆಲಸದಷ್ಟು ಚಿತ್ತವು ದೂರದ ಪ್ರಿಯನಲ್ಲಿ ನೆಲಸುತ್ತದೆ ಎಂದು ಅವನ ಅಭಿಪ್ರಾಯ. ಸ್ಮರಣೆಯ ಪಕ್ಷದವರು ಇದನ್ನು ತಮ್ಮ ಪರವಾದ ಭಗವದ್ವಾಣಿಯೆಂದು ಎತ್ತಿ ಹಿಡಿಯುತ್ತಾರೆ. (ದೂರ ಹೋದವರು ಹೇಳುವ ಸಮಾಧಾನವು ಉಳಿದವರಿಗೆ ಎಂದೂ ಸಾಲುವುದಿಲ್ಲವೆಂಬುದು ಬೇರೆ ಮಾತು.) ಆದರೆ ಅದೇ ಸ್ಕಂಧದಲ್ಲಿ ಮುಂದೆ ಸೂರ್ಯಗ್ರಹಣದ ಕಾಲಕ್ಕೆ ಎಲ್ಲರೂ ಕುರುಕ್ಷೇತ್ರದಲ್ಲಿ ಕೂಡುತ್ತಾರೆ. ಬಹುಕಾಲದ ಬಳಿಕ ಕೃಷ್ಣನನ್ನು ಕಂಡ ಗೋಪಿಯರು ನೋಟಕ್ಕೆ ಅಡ್ಡ ಬರುವ ರೆಪ್ಪೆಗಳನ್ನು ಮಾಡಿದ ಬ್ರಹ್ಮನನ್ನು ಬಯ್ಯುತ್ತಾರೆ. ಅಷ್ಟು ವರ್ಷ ನೆನೆದವರಿಗೆ ನೆನಪೇ ಸಾಕಾಗಿದ್ದರೆ ರೆಪ್ಪೆಯ ಮೇಲೆ ಸಿಟ್ಟು ಏಕೆ ಬರಬೇಕು? ನೆನಪು ಅವರ ಕಣ್ಣುಗಳನ್ನು ಹಸಿದ ಕಣ್ಣುಗಳನ್ನಾಗಿ ಮಾಡಿತ್ತು. ಸ್ಮರಣೆಯ ಸಾರ್ಥಕ್ಯವಿರುವುದು ಹೀಗೆ ಎದುರಿಗಿರುವುದನ್ನು ಇನ್ನಷ್ಟು ತೀವ್ರವಾಗಿ ನೋಡಿಸುವುದರಲ್ಲಿ. ದೇವಿಯ ಮಂಗಳಾರತಿಯನ್ನು ಕಣ್ಣಿಂದ ನೋಡದೆ, ಮುಂದೆ ಎಂದಾದರೂ ನೋಡೋಣವೆಂದು ಕೈಯ ಫೋನಿನಲ್ಲಿ ಹಿಡಿದಿಡುವ ಈಗಿನ ಅಭ್ಯಾಸವು ಈ ಎರಡಕ್ಕೂ ಎರವಾಗುವ ದಾರಿ. ಮುಂದಿನ ನೆನಪಿಗಾಗಿ ಇಂದಿನ ದರ್ಶನವು ಹೋಯಿತು. ದರ್ಶನವೇ ಆಗದಿದ್ದ ಮೇಲೆ ನೆನೆಯುವುದೇನನ್ನು?

ಸ್ಮರಣೆಯು ಹೊಸ ಅನುಭವಕ್ಕೆ ಜನ್ಮವಿತ್ತ ಉದಾಹರಣೆಯೊಂದನ್ನು ಪುಣೆಯ ಕನ್ನಡಿಗರು ಹೆಮ್ಮೆಯಿಂದ ಹೇಳಿಕೊಳ್ಳಬಹುದು. ಕುಂದಗೋಳದ ಸವಾಯಿ ಗಂಧರ್ವರು 1952ರಲ್ಲಿ ದೇಹವಿಟ್ಟರು. ಅವರ ಶಿಷ್ಯ, ಗದಗಿನ ಭೀಮಸೇನ ಜೋಶಿಯವರು ಪುಣೆಯಲ್ಲಿ 1953ರಿಂದ ಗುರುಗಳ ಪುಣ್ಯಸ್ಮರಣೆಗಾಗಿ ಸಂಗೀತೋತ್ಸವವನ್ನು ಆರಂಭಿಸಿದರು. ನಮ್ಮ ಗುರುಗಳಂತೆ ಹಾಡುವವರು ಇನ್ನೆಲ್ಲಿ ಎಂದು ನಿಟ್ಟುಸಿರಿಟ್ಟು ಅವರು ಸುಮ್ಮನಿರಬಹುದಾಗಿತ್ತು. ಹಾಗೆ ಮಾಡದೆ ವೇದಿಕೆಯನ್ನು ಹಾಕಿದರು, ಅನ್ಯ ಘರಾಣೆಗಳವರನ್ನೂ ಎಳೆಯರನ್ನೂ ಕರೆದರು, ತಾವೂ ಹಾಡಿದರು. ಸವಾಯಿ ಗಂಧರ್ವರ ಕಂಠವನ್ನು ಒಮ್ಮೆಯೂ ಕೇಳದ ಸಾವಿರಾರು ಜನಕ್ಕೆ ಆ ರಾತ್ರಿಗಳು ಬಾಳಿನ ದೊಡ್ಡ ಅನುಭವಗಳಾದುವು. ಜೋಶಿಯವರು 2011ರಲ್ಲಿ ತೀರಿಕೊಂಡ ಮೇಲೆ ಉತ್ಸವದ ಹೆಸರಿನಲ್ಲಿ ಗುರುವಿನೊಡನೆ ಶಿಷ್ಯನ ಹೆಸರೂ ಸೇರಿತು.

ಇಷ್ಟು ದೊಡ್ಡ ಕಾರ್ಯವು ಎಲ್ಲರಿಂದಲೂ ಆಗುವಂಥದ್ದಲ್ಲ, ಬೇಕಾಗಿಯೂ ಇಲ್ಲ. ವಿಜಯದಶಮಿಯ ಸಂಜೆ ಉತ್ತರ ಕರ್ನಾಟಕದವರು ಬನ್ನಿಯನ್ನು ಕೊಟ್ಟು, ಬಂಗಾರದಂತೆ ಬಾಳೋಣವೆಂದು ಹಿರಿಯರ ಕಾಲು ಮುಟ್ಟುತ್ತಾರೆ. ಪುಣೆಯ ಬೀದಿಯಲ್ಲಿ ಅಂದು ಮಾರಾಟಕ್ಕೆ ಬರುವುದು ಆಪಟೆಯ ಎಲೆ. ಮರಾಠಿಗರಿಗೆ ಅದೇ ಸೋನೆ. ಇದು ಬನ್ನಿಯಲ್ಲವೆಂದು ಕಾತ್ರಜದ ಅಜ್ಜನೊಬ್ಬನು ಮುಖ ತಿರುಗಿಸಬಹುದು. ಅಥವಾ ಅದೇ ಎಲೆಯನ್ನು ಮೊಮ್ಮಗಳ ಅಂಗೈಯಲ್ಲಿಟ್ಟು, ಅಜ್ಞಾತವಾಸಕ್ಕೆ ಹೊರಟ ಪಾಂಡವರು ಬನ್ನಿಯ ಮರದಲ್ಲಿ ಆಯುಧಗಳನ್ನು ಕಟ್ಟಿಟ್ಟುದನ್ನೂ, ವರ್ಷ ತುಂಬಿದ ಮೇಲೆ ಅಂಜುಬುರುಕ ಉತ್ತರಕುಮಾರನನ್ನು ಅರ್ಜುನನು ಆ ಮರಕ್ಕೆ ಹತ್ತಿಸಿದುದನ್ನೂ, ತನ್ನ ಊರಿನ ಸೀಮೆಯಲ್ಲಿ ಅಂಥದೊಂದು ಮರವಿದ್ದುದನ್ನೂ ಹೇಳಬಹುದು. ಕೇಳಿದ ಮಗುವು ಆಪಟೆಯ ಎಲೆಗಳನ್ನು ಮುಷ್ಟಿಯಲ್ಲಿ ಹಿಡಿದು ಪಕ್ಕದ ಮನೆಗೆ ಓಡಿ, ತನ್ನ ಮರಾಠಿ ಗೆಳತಿಗೆ ಉತ್ತರನ ಕಥೆಯನ್ನು ಮರಾಠಿಯಲ್ಲಿ ಹೇಳತೊಡಗುತ್ತದೆ. ಅಜ್ಜನು ಹೇಳದಿದ್ದ ಎರಡು ಮಾತುಗಳನ್ನು ತಾನೇ ಸೇರಿಸಿ.