ನಂಬಿದ ಜೀವದ ಋಣ

ನಾಯಿಯ ಸ್ವಾಮಿನಿಷ್ಠೆಯನ್ನು ಕುರಿತು ನಾವೆಲ್ಲರೂ ಬಾಲ್ಯದಿಂದ ಕೇಳುತ್ತ ಬಂದಿದ್ದೇವೆ. ಒಂದು ಹಿಡಿ ಅನ್ನವಿಕ್ಕಿದವರನ್ನು ಅದು ಮರೆಯದೆಂಬುದು ಲೋಕವಿದಿತ. ಆದರೆ ಅಂತಹ ನಿಷ್ಠೆಯನ್ನು ಪಡೆದ ಮನುಷ್ಯನ ಧರ್ಮವೇನು? ಈ ಪ್ರಶ್ನೆಯನ್ನು ನನ್ನ ಮುಂದಿಟ್ಟವಳು, ಆಗ ಒಂಬತ್ತು ವರ್ಷದವಳಾಗಿದ್ದ ನನ್ನ ಮಗಳು.

2022ರ ಬೇಸಿಗೆಯವರೆಗೆ ನಾವು ಮುಂಬಯಿಯ ಪರೇಲಿನ ಒಂದು ಚಾಳಿನಲ್ಲಿದ್ದೆವು. ಅದರ ಮೆಟ್ಟಿಲ ಕೆಳಗೆ ಹುಟ್ಟಿದ ಮೋತಿ ಎಂಬ ನಾಯಿ ಮಗಳೊಡನೆಯೇ ಬೆಳೆಯಿತು. ಬೆಳಿಗ್ಗೆ ಅವಳನ್ನು ಶಾಲೆಯ ಬಸ್ಸಿನವರೆಗೆ ಕಳುಹಿಸಿ ಬರುವುದು, ಸಂಜೆ ಅದೇ ಸ್ಥಳದಲ್ಲಿ ಕಾದು ನಿಲ್ಲುವುದು ಅದರ ನಿತ್ಯವ್ರತ. ತನ್ನ ಚಪಾತಿಯಲ್ಲಿ ಪಾಲು ತೆಗೆದಿಡದೆ ಮಗಳೂ ಉಂಡವಳಲ್ಲ. ಡೊಂಬಿವಲಿಯಲ್ಲಿ ಸ್ವಂತ ಮನೆಯಾದಾಗ, "ಅಲ್ಲಿಯವರು ನಾಯಿಯನ್ನು ಒಪ್ಪುವುದಿಲ್ಲ ಮಗೂ" ಎಂದು ಸಮಾಧಾನ ಹೇಳಿ, ಮೋತಿಯನ್ನು ಚಾಳಿನ ಕಾವಲುಗಾರನಿಗೆ ಒಪ್ಪಿಸಿದೆ. ಅವನ ಕೈಗೆ ಐನೂರು ರೂಪಾಯಿ ಇಟ್ಟು, ಕರ್ತವ್ಯ ಮುಗಿಯಿತೆಂದು ಭಾವಿಸಿದೆ.

ಆ ವರ್ಷದ ನವರಾತ್ರಿಯ ಒಂದು ರಾತ್ರಿ ಅವಳಿಗೆ ಪಾಂಡವರ ಮಹಾಪ್ರಸ್ಥಾನದ ಕಥೆ ಹೇಳುತ್ತಿದ್ದೆ. ದ್ರೌಪದಿಯೂ ನಾಲ್ವರು ತಮ್ಮಂದಿರೂ ಒಬ್ಬೊಬ್ಬರಾಗಿ ಬಿದ್ದರು. ಧರ್ಮರಾಯನೊಡನೆ ಉಳಿದುದು ಒಂದು ನಾಯಿ ಮಾತ್ರ. ಅದನ್ನು ಬಿಟ್ಟು ರಥವೇರೆಂದು ಇಂದ್ರನು ಕರೆದಾಗ ಧರ್ಮರಾಯನು ಸ್ವರ್ಗವನ್ನೇ ಒಲ್ಲೆನೆಂದನು. ಒಡಹುಟ್ಟಿದವರನ್ನೇ ಬಿಟ್ಟುಬಂದವನಿಗೆ ನಾಯಿಯ ಮೋಹವೇಕೆಂದು ಇಂದ್ರನ ಪ್ರಶ್ನೆ. ಸತ್ತವರನ್ನು ಬದುಕಿಸುವುದು ತನ್ನ ಕೈಯಲ್ಲಿರಲಿಲ್ಲ, ಬದುಕಿದ್ದಾಗ ತಾನು ಅವರನ್ನು ತೊರೆಯಲಿಲ್ಲ ಎಂಬುದು ಧರ್ಮರಾಯನ ಉತ್ತರ. ಆಗ ಆ ನಾಯಿಯೇ ಯಮಧರ್ಮನಾಗಿ ಕಾಣಿಸಿಕೊಂಡಿತು. ಅಲ್ಲಿ ಪರೀಕ್ಷೆಗೆ ಒಳಗಾದುದು ನಾಯಿಯ ನಿಷ್ಠೆಯಲ್ಲ, ಮನುಷ್ಯನ ನಿಷ್ಠೆ.

ಕಥೆ ಮುಗಿದೊಡನೆ ಮಗಳು ಮೆಲ್ಲಗೆ ಕೇಳಿದಳು: "ನಮ್ಮ ಮೋತಿಯೂ ಬದುಕಿದೆಯಲ್ಲವೇನಪ್ಪಾ?"

ನಾನು ನಿರುತ್ತರನಾದೆ. ಹೊಸ ಕಟ್ಟಡದವರು ಒಪ್ಪುವುದಿಲ್ಲವೆಂದು ಹೇಳಿದ್ದೆನಲ್ಲದೆ, ಅವರಲ್ಲಿ ಒಬ್ಬರನ್ನೂ ನಾನು ಕೇಳಿರಲಿಲ್ಲ! ನನ್ನ ಅನುಕೂಲಕ್ಕೆ ಅವರ ಹೆಸರನ್ನು ಇಟ್ಟಿದ್ದೆ, ಅಷ್ಟೆ.

ಆ ರಾತ್ರಿ, ಬಿ.ಎ. ತರಗತಿಯಲ್ಲಿ ಓದಿದ್ದ ಆತಕೂರು ಶಾಸನವು ನೆನಪಿಗೆ ಬಂದಿತು. ಮಂಡ್ಯ ಜಿಲ್ಲೆಯ ಆ ಊರಿನ ಶಾಸನ ಕ್ರಿ.ಶ. 949-50ರ ಸುಮಾರಿನದು. ಚೋಳರೊಡನೆ ನಡೆದ ಯುದ್ಧದಲ್ಲಿ ಶೌರ್ಯ ಮೆರೆದ ಮಣಲೆರನಿಗೆ ಗಂಗರಾಜ ಬೂತುಗನು ಮೆಚ್ಚಿ, ಬೇಕಾದುದನ್ನು ಬೇಡೆಂದಾಗ, ಆ ವೀರನು ಬೇಡಿದ್ದು ಕಾಳಿಯೆಂಬ ನಾಯಿಯನ್ನು. ಕಾಳಿಯು ದೊಡ್ಡದೊಂದು ಹಂದಿಯೊಡನೆ ಹೋರಾಡಿ, ಅದನ್ನು ಕೊಂದು ತಾನೂ ಮಡಿಯಿತು. ಅದಕ್ಕಾಗಿ ದೇವಾಲಯದ ಮುಂದೆ ಕಲ್ಲು ನಿಂತಿತು, ಭೂಮಿಯ ದತ್ತಿಯಾಯಿತು. ಆ ಕಲ್ಲನ್ನು ಪೂಜಿಸದೆ ಉಂಡ ಗೊರವನಿಗೆ ಪಾಪ ತಗಲುವುದೆಂದೂ ಬರೆಯಲಾಯಿತು. ನಮ್ಮ ಹಿರಿಯರು ಸತ್ತ ನಾಯಿಯ ಋಣವನ್ನು ಕಲ್ಲಿನಲ್ಲಿ ಕೊರೆಸಿದರು. ನಾನು ಬದುಕಿರುವ ನಾಯಿಯ ಋಣವನ್ನು ಐನೂರು ರೂಪಾಯಿಗೆ ತೀರಿಸಿದ್ದೆ.

ವಿಜಯದಶಮಿಯಂದು ನಮ್ಮ ಸೀಮೋಲ್ಲಂಘನ ಪರೇಲಿನ ಕಡೆಗೆ ನಡೆಯಿತು. ಮೋತಿ ಬಡಕಲಾಗಿತ್ತು. ಮಗಳನ್ನು ಕಂಡೊಡನೆ ಓಡಿ ಬಂದು ಅವಳ ಪಾದದ ಮೇಲೆ ತಲೆಯಿಟ್ಟಿತು. ಅನಂತರ ನನ್ನ ಕೈಯನ್ನೂ ನೆಕ್ಕಿತು. ಅದು ನನ್ನನ್ನು ಕಂಡು ಬೊಗಳಿದ್ದರೆ ನನಗೆ ಅಷ್ಟು ನೋವಾಗುತ್ತಿರಲಿಲ್ಲ. ಅಂದೇ ಅದನ್ನು ಟ್ಯಾಕ್ಸಿಯಲ್ಲಿ ಮನೆಗೆ ಕರೆತಂದೆವು. ಕಟ್ಟಡದ ಕಾರ್ಯದರ್ಶಿಯವರು ಕೇಳಿದ್ದು ಇಷ್ಟೆ: "ಚುಚ್ಚುಮದ್ದು ಹಾಕಿಸಿದ್ದೀರಾ?"

ಮಗುವಿನ ಪ್ರೀತಿಗೆ ಲೆಕ್ಕವಿಲ್ಲ, ನಾಯಿಯ ನಂಬಿಕೆಗೂ ಲೆಕ್ಕವಿಲ್ಲ. ಲೆಕ್ಕದ ಪುಸ್ತಕ ಹಿಡಿದವರು ನಾವು. ಆಯುಧಪೂಜೆಯಂದು ಆ ಪುಸ್ತಕಕ್ಕೂ ವಾಹನಕ್ಕೂ ಅರಿಶಿನ ಕುಂಕುಮವಿಡುವ ನಮಗೆ, ನಂಬಿದ ಜೀವಗಳ ಋಣವನ್ನೂ ನೆನೆಯುವ ಬುದ್ಧಿಯನ್ನು ಜಗನ್ಮಾತೆಯು ಕರುಣಿಸಲಿ.