ಹುಲ್ಲುಹಾಸಿನಿಂದ ಹೂಮಡಿಗೆ



ತುಮಕೂರು ರಸ್ತೆಯ ನಮ್ಮ ಮಾಕಳಿಯ ಆಸುಪಾಸಿನಲ್ಲಿ, ಹಿಂದೆ ರಾಗಿಯ ತೆನೆ ತೂಗುತ್ತಿದ್ದ ಹೊಲಗಳಲ್ಲಿ ಇಂದು ಮನೆಗಳೆದ್ದಿವೆ. ಕೆಲವು ಮನೆಗಳ ಮುಂದೆ ಹುಲ್ಲುಹಾಸು ಹರಡಿರುತ್ತದೆ. ನೋಟಕ್ಕೆ ಅಂದವೇ ಸರಿ. ಆದರೆ ಆ ಹುಲ್ಲು ಹಸುವಿನ ಬಾಯಿಗೆ ಸೇರದು. ಅಲ್ಲಿ ಪೂಜೆಗೊಂದು ಹೂವಿಲ್ಲ, ಸಾರಿಗೊಂದು ಸೊಪ್ಪಿಲ್ಲ. ನೀರನ್ನು ಮಾತ್ರ ಅದು ಬೇಡುತ್ತಲೇ ಇರುತ್ತದೆ. 2024ರ ಮಾರ್ಚಿ ತಿಂಗಳಲ್ಲಿ ಬೆಂಗಳೂರಿನ ಜಲಮಂಡಳಿಯು ಕುಡಿಯುವ ನೀರನ್ನು ತೋಟಕ್ಕೆ ಬಳಸುವುದನ್ನೇ ನಿಷೇಧಿಸಿ, ಮೀರಿದವರಿಗೆ 5,000 ರೂಪಾಯಿ ದಂಡವನ್ನು ಗೊತ್ತುಪಡಿಸಿದುದನ್ನು ತಾವು ಮರೆತಿರಲಾರಿರಿ.

ಆದುದರಿಂದ ಹುಲ್ಲನ್ನು ತೆಗೆದು ಹೂವು ತರಕಾರಿಗಳ ಮಡಿ ಮಾಡುವ ಸಂಕಲ್ಪವು ಒಳ್ಳೆಯದೇ. ಆದರೆ ಅವಸರವು ನಮ್ಮನ್ನು ಕಳೆನಾಶಕದ ಅಂಗಡಿಗೆ ಎಳೆಯುತ್ತದೆ. ಗ್ಲೈಫೋಸೇಟ್ ಎಂಬ ಕಳೆನಾಶಕವು ಮನುಷ್ಯರಿಗೆ ಕ್ಯಾನ್ಸರ್ ತರುವ ಸಂಭವವುಳ್ಳದ್ದೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು 2015ರಲ್ಲಿ ವರ್ಗೀಕರಿಸಿತು. ಲಿಂಗಕ್ಕೇರುವ ಹೂವು, ಪ್ರಸಾದವಾಗುವ ಸೊಪ್ಪು ಬೆಳೆಯಬೇಕಾದ ನೆಲಕ್ಕೆ ಮೊದಲು ವಿಷವನ್ನೆರೆಯುವುದು ಭಕ್ತನಿಗೆ ಒಪ್ಪುವುದೇ?

ವಿಷವಿಲ್ಲದ ದಾರಿಯುಂಟು. ಹುಲ್ಲನ್ನು ನೆಲಮಟ್ಟಕ್ಕೆ ಕತ್ತರಿಸಿ ಅಲ್ಲಿಯೇ ಬಿಡಿರಿ. ಅದರ ಮೇಲೆ ರಟ್ಟನ್ನು, ಇಲ್ಲವೇ ಎಂಟು ಹತ್ತು ಪದರ ವೃತ್ತಪತ್ರಿಕೆಯನ್ನು, ಅಂಚಿನ ಮೇಲೆ ಅಂಚು ಬರುವಂತೆ ಹಾಸಿ ನೆನೆಸಿರಿ. ಮೇಲೆ ಕಳಿತ ಕೊಟ್ಟಿಗೆ ಗೊಬ್ಬರ, ಮಣ್ಣು, ತರಗೆಲೆಗಳನ್ನು ಗೇಣಿನಷ್ಟು ದಪ್ಪ ಹರಡಿರಿ. ಬೆಳಕು ಕಾಣದ ಹುಲ್ಲು ಎರಡು ಮೂರು ತಿಂಗಳಲ್ಲಿ ಕೊಳೆತು ತಾನೇ ಗೊಬ್ಬರವಾಗುತ್ತದೆ. ಎರೆಹುಳುಗಳು ಉಳುಮೆಯನ್ನು ನಡೆಸುತ್ತವೆ. ಗರಿಕೆ ಮಾತ್ರ ಅಷ್ಟಕ್ಕೆ ಮಣಿಯದು. ಅದರ ಬೇರುಗೆಣ್ಣುಗಳನ್ನು ಬೇಸಗೆಯಲ್ಲಿಯೇ ಗುದ್ದಲಿಯಿಂದ ಅಗೆದು, ಆಯ್ದು, ಬಿಸಿಲಿಗೆ ಒಣಗಿಸತಕ್ಕದ್ದು. ಮೇ ತಿಂಗಳ ಮಳೆಗಳಲ್ಲಿ ಹಾಸಿದರೆ ಶ್ರಾವಣದ ವೇಳೆಗೆ ಮಡಿ ಸಿದ್ಧ. ನಲ್ಲಿಯ ನೀರೂ ಉಳಿಯಿತು.

ಎಲ್ಲವನ್ನೂ ಒಮ್ಮೆಲೇ ಮಾಡಬೇಕೆಂಬ ಆಸೆ ಬೇಡ. ಆಯ್ದಕ್ಕಿ ಮಾರಯ್ಯನು ಅಗತ್ಯಕ್ಕಿಂತ ಹೆಚ್ಚು ಆಯ್ದು ತಂದ ಅಕ್ಕಿಯನ್ನು ಲಕ್ಕಮ್ಮನು ಹಿಂದಿರುಗಿಸಿದ ಪ್ರಸಂಗವು ಪ್ರಸಿದ್ಧವಾಗಿದೆ. ನಮ್ಮ ಕೈ ನಿಭಾಯಿಸುವಷ್ಟೇ ನೆಲವನ್ನು ಹಿಡಿಯುವುದು ಆ ತಾಯಿಯ ಪಾಠ. ಈ ವರ್ಷ ಒಂದು ಮಡಿ ಸಾಕು. ಮಕ್ಕಳಾಡುವಷ್ಟು ಹುಲ್ಲು ಉಳಿದರೂ ದೋಷವಿಲ್ಲ.

ಅಗೆಯುವುದು ಹೇಗೆ ಕಾಯಕವೋ, ಮೂರು ತಿಂಗಳು ತಾಳ್ಮೆಯಿಂದ ಕಾಯುವುದೂ ಹಾಗೆಯೇ ಕಾಯಕವು. ವಿಷವು ಆ ತಾಳ್ಮೆಯನ್ನು ತಪ್ಪಿಸಿಕೊಳ್ಳುವ ಉಪಾಯ ಮಾತ್ರ. ಕಾದು ಬೆಳೆದ ಮೊದಲ ಹೂವು ಲಿಂಗಕ್ಕೆ, ಮೊದಲ ಹಿಡಿ ಸೊಪ್ಪು ನೆರೆಮನೆಗೆ ಸಲ್ಲಲಿ. ಆಗ ಅಂಗಳವು ದಾಸೋಹದ ನೆಲೆಯಾಗುತ್ತದೆ.