ಉಪಕರಣ ಬಲಿತಾಗ ಕರ್ತೃ ಯಾರು?

ಏನನ್ನು ಕಟ್ಟಬೇಕು, ಯಾರಿಗಾಗಿ ಕಟ್ಟಬೇಕು, ಯಾವುದನ್ನು ಕೈಬಿಡಬೇಕು ಎಂದು ತೀರ್ಮಾನಿಸುವುದು ಪ್ರಾಡಕ್ಟ್ ಮ್ಯಾನೇಜರ್ ಕೆಲಸ. ಕೋಡ್ ಬರೆಯುವ ಎಂಜಿನಿಯರಾಗಲಿ, ಪರದೆಗೆ ರೂಪ ಕೊಡುವ ಡಿಸೈನರಾಗಲಿ ಸಾಮಾನ್ಯವಾಗಿ ಅವರ ಕೈಕೆಳಗಿನವರಲ್ಲ. ಅಧಿಕಾರ ಕಡಿಮೆ, ಹೊಣೆ ಹೆಚ್ಚು. ಈ ಹುದ್ದೆಯ ಮೂಲವನ್ನು 1931ರಲ್ಲಿ ಅಮೆರಿಕದ ಪ್ರಾಕ್ಟರ್ ಆ್ಯಂಡ್ ಗ್ಯಾಂಬಲ್ ಕಂಪನಿಯ ನೀಲ್ ಮೆಕೆಲ್ರಾಯ್ ಬರೆದ ಟಿಪ್ಪಣಿಯಲ್ಲಿ ಗುರುತಿಸುವುದು ವಾಡಿಕೆ. ಒಂದೊಂದು ಬ್ರ್ಯಾಂಡಿನ ಏಳುಬೀಳಿಗೂ ಉತ್ತರ ಹೇಳುವವರು ಬೇರೆಯೇ ಇರಬೇಕು ಎಂಬುದು ಅದರ ಸಾರ. ಬೆಂಗಳೂರಿನಲ್ಲಿ ಈ ಹುದ್ದೆಯ ಕಥೆ ಬೇರೆ. ಇಲ್ಲಿನ ದಂಡು ಪ್ರದೇಶದ ಮಿಲ್ಲರ್ಸ್ ರಸ್ತೆಯಲ್ಲಿ ಅಮೆರಿಕದ ಕಂಪನಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ 1985ರಲ್ಲಿ ನೆಲೆಯೂರಿತು. ಆ ಕಾಲದಲ್ಲಿ ವಿದೇಶಿ ಕಂಪನಿಗಳು ಇಲ್ಲಿಂದ ಬಯಸುತ್ತಿದ್ದುದು ಹೆಚ್ಚಾಗಿ ಎಂಜಿನಿಯರುಗಳ ಕೈಚಳಕವನ್ನು. ಏನು ಬೇಕೆಂಬ ತೀರ್ಮಾನ ಸಾಗರದಾಚೆ ಆಗುತ್ತಿತ್ತು. ಇಂದು ಇಂದಿರಾನಗರದ ಸ್ಟಾರ್ಟಪ್‌ಗಳಲ್ಲಿ ಆ ತೀರ್ಮಾನವೂ ಇಲ್ಲೇ ಆಗುತ್ತದೆ.

ಆದರೆ ಈ ವೃತ್ತಿ ಇಲ್ಲಿ ಬೇರುಬಿಡುವ ಹೊತ್ತಿಗೇ ಯಂತ್ರ ಅದರ ಬಾಗಿಲಿಗೆ ಬಂದಿದೆ. ಗ್ರಾಹಕರ ಸಂದರ್ಶನಗಳ ಸಾರ ತೆಗೆಯುವುದು, ಬೇಡಿಕೆ ಪಟ್ಟಿ ಬರೆಯುವುದು, ಪ್ರೊಟೊಟೈಪ್ ಕಟ್ಟುವುದು, ಡ್ಯಾಶ್‌ಬೋರ್ಡಿನ ಅಂಕಿಗಳನ್ನು ಓದಿ ಹೇಳುವುದು, ಇವನ್ನೆಲ್ಲ ಎಐ ಉಪಕರಣಗಳು ಮಾಡತೊಡಗಿವೆ. ಮುಂದಿನ ವರ್ಷಗಳಲ್ಲಿ ತಂಡಗಳು ಚಿಕ್ಕವಾಗಬಹುದು. ಎಂಜಿನಿಯರ್ ಮತ್ತು ಪ್ರಾಡಕ್ಟ್ ಮ್ಯಾನೇಜರ್ ನಡುವಿನ ಗೆರೆ ಅಳಿಸಿಹೋಗಬಹುದು. ಉದ್ಯೋಗ ಉಳಿಯುತ್ತದೆಯೇ ಎಂಬುದು ಮಾರುಕಟ್ಟೆಯ ಪ್ರಶ್ನೆ. ಕೆಲಸದ ಬಹುಭಾಗ ಉಪಕರಣಕ್ಕೆ ಹೋದ ಮೇಲೆ ಅದನ್ನು ಮಾಡಿದವರು ಯಾರು ಎಂಬುದು ತತ್ತ್ವದ ಪ್ರಶ್ನೆ.

ಈ ಪ್ರಶ್ನೆ ಹೊಸದಲ್ಲ. ಭಗವದ್ಗೀತೆಯ ಹದಿನೆಂಟನೆಯ ಅಧ್ಯಾಯ ಯಾವುದೇ ಕರ್ಮಕ್ಕೆ ಐದು ಕಾರಣಗಳನ್ನು ಹೇಳುತ್ತದೆ: ಅಧಿಷ್ಠಾನ, ಕರ್ತೃ, ಕರಣ, ಚೇಷ್ಟೆ, ದೈವ. ತಾನೊಬ್ಬನೇ ಮಾಡಿದೆ ಎನ್ನುವವನು ಸರಿಯಾಗಿ ಕಂಡವನಲ್ಲ ಎಂದೂ ಮುಂದೆ ಹೇಳುತ್ತದೆ. ದೈವವೆಂದರೆ ಇಲ್ಲಿ ಅಂತರ್ಯಾಮಿಯಾದ ಪರಮಾತ್ಮ ಎಂದು ರಾಮಾನುಜರು, ಇಂದ್ರಿಯಗಳಿಗೆ ಒತ್ತಾಸೆಯಾದ ಸೂರ್ಯಾದಿ ದೇವತೆಗಳು ಎಂದು ಶಂಕರರು ವ್ಯಾಖ್ಯಾನಿಸಿದ್ದಾರೆ. ಇಬ್ಬರಲ್ಲೂ ಕರಣ ಬೇರೆ, ಕರ್ತೃ ಬೇರೆ. ಕರಣ ಎಷ್ಟೇ ಬಲಿತರೂ ಅದಕ್ಕೆ ಪಾಪವಿಲ್ಲ, ಪುಣ್ಯವೂ ಇಲ್ಲ. ಎಐ ಈ ಪಟ್ಟಿಯಲ್ಲಿ ಕರಣದ ಸಾಲಿಗೆ ಸೇರುತ್ತದೆ. ಆದರೆ ಅದು ಆಯ್ಕೆಯನ್ನೂ ಮುಂದಿಡುವ ಕರಣವಾದ್ದರಿಂದ ಕರ್ತೃ ಅದರ ಹಿಂದೆ ಅಡಗಿಕೊಳ್ಳುವುದು ಹಿಂದೆಂದಿಗಿಂತ ಸುಲಭ.

ಹನ್ನೆರಡನೆಯ ಶತಮಾನದ ಶರಣರು ಈ ಪ್ರಶ್ನೆಗೆ ಇನ್ನೊಂದು ಕಡೆಯಿಂದ ಹತ್ತಿರ ಬರುತ್ತಾರೆ. ಕಲ್ಯಾಣದ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿ ಆಯುವುದು ಆಯ್ದಕ್ಕಿ ಮಾರಯ್ಯನ ಕಾಯಕ. ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ ಹೆಂಡತಿ ಲಕ್ಕಮ್ಮ ಹೆಚ್ಚಿನದನ್ನು ಅಲ್ಲಿಯೇ ಸುರಿದು ಬರಲು ಕಳಿಸಿದಳೆಂದು ಕಥೆ. ಮಾರಯ್ಯನ ಆಯುವಿಕೆಯಲ್ಲಿ ಕೊರತೆಯೇನೂ ಇರಲಿಲ್ಲ. ಲಕ್ಕಮ್ಮ ಕೇಳಿದ್ದು ಇಷ್ಟು ಏಕೆ ಎಂದು. ಬಳಕೆದಾರರನ್ನು ಆ್ಯಪಿನಲ್ಲಿ ಇನ್ನೂ ಐದು ನಿಮಿಷ ಹಿಡಿದಿಡುವ ದಾರಿಯನ್ನು ಯಂತ್ರ ಹುಡುಕಿಕೊಡಬಲ್ಲದು. ಸಾಕು ಎನ್ನುವ ಗಡಿಯನ್ನೂ ಅದಕ್ಕೆ ಕಲಿಸಬಹುದು, ನಿಜ. ಆದರೆ ಗಡಿ ಎಲ್ಲಿ ಎಂದು ಯಾರೋ ಒಬ್ಬರು ಮೊದಲು ಹೇಳಬೇಕು. ಪ್ರಾಡಕ್ಟ್ ಮ್ಯಾನೇಜರ್‌ಗೆ ಉಳಿಯುವ ಕೆಲಸ ಮಾರಯ್ಯನದಲ್ಲ, ಲಕ್ಕಮ್ಮನದು.

ಆ ಗಡಿ ಎಳೆಯುವವರಿಗೆ ಅದರಿಂದ ನೋಯುವವರು ಕಾಣಬೇಕು. ಶಿವಾಜಿನಗರದ ರಸೆಲ್ ಮಾರ್ಕೆಟ್ಟಿನ ವ್ಯಾಪಾರಿಗೆ ತನ್ನ ಬೆಲೆಯಿಂದ ನೊಂದವರ ಮುಖ ಎದುರಿಗೇ ಕಾಣುತ್ತದೆ. ಆ್ಯಪಿನ ನಿಯಮ ಬರೆದವರಿಗೆ ಕೆ.ಆರ್.ಪುರದ ಮೇಲ್ಸೇತುವೆಯ ಕೆಳಗೆ ಆರ್ಡರಿಗಾಗಿ ಕಾಯುವವರ ಮುಖ ಕಾಣುವುದಿಲ್ಲ. ಆದರೂ ನಿಯಮವನ್ನು ಬೇರೆ ರೀತಿ ಬರೆಯಬಹುದು. 2022ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಆಟೊ ಆ್ಯಪ್ ನಮ್ಮ ಯಾತ್ರಿ ಚಾಲಕರಿಂದ ಕಮಿಷನ್ ಪಡೆಯಲಿಲ್ಲ. ಮುಂದೆ ದಿನಕ್ಕೆ 25 ರೂಪಾಯಿಯ ಶುಲ್ಕ ತಂದಿತು. ಅದೇ ರಸ್ತೆ, ಅದೇ ಆಟೊ. ಬದಲಾದದ್ದು ದುಡಿಮೆಯ ಪಾಲು ಯಾರಿಗೆ ಸೇರಬೇಕೆಂಬ ತೀರ್ಮಾನ. ಅಂಥ ತೀರ್ಮಾನ ಡ್ಯಾಶ್‌ಬೋರ್ಡಿನಿಂದ ತಾನಾಗಿ ಹುಟ್ಟುವುದಿಲ್ಲ.

ಕರ್ನಾಟಕದ 2025ರ ಗಿಗ್ ಕಾರ್ಮಿಕರ ಕಾಯ್ದೆ ನಿಯಮ ಬರೆದವರಿಗೂ ದುಡಿಯುವವರಿಗೂ ನಡುವಿನ ಈ ಮರೆಯನ್ನು ಸ್ವಲ್ಪ ಸರಿಸಿದೆ. ಕೆಲಸ ಹಂಚುವ, ರೇಟಿಂಗ್ ಕೊಡುವ ಸ್ವಯಂಚಾಲಿತ ವ್ಯವಸ್ಥೆಯ ಬಗ್ಗೆ ಕಾರ್ಮಿಕರಿಗೆ ತಿಳಿಸಬೇಕು. ಕೆಲಸದಿಂದ ತೆಗೆಯುವಾಗ ಸಾಮಾನ್ಯವಾಗಿ 14 ದಿನ ಮುಂಚೆ ಕಾರಣವನ್ನು ಬರಹದಲ್ಲಿ ಕೊಡಬೇಕು. ಆಲ್ಗಾರಿದಮ್ ಹಾಗೆ ಹೇಳಿತು ಎಂಬುದು ಕಾರಣವಾಗಲಾರದು. ಕಾರಣ ಹೇಳಬಲ್ಲವರು ಬೇಕು, ಮತ್ತು ಬರುವ ವರ್ಷಗಳ ಪ್ರಾಡಕ್ಟ್ ಮ್ಯಾನೇಜರ್ ಹೆಚ್ಚಾಗಿ ಅವರೇ ಆಗಬಹುದು.

ಅಲ್ಲೇ ಅಪಾಯವೂ ಇದೆ. ಯಂತ್ರ ದಿನಕ್ಕೆ ನೂರು ಬದಲಾವಣೆ ಸೂಚಿಸಿದರೆ, ಒಬ್ಬರು ನೂರಕ್ಕೂ ಒಪ್ಪಿಗೆ ಒತ್ತಿದರೆ, ಅವರು ಕರ್ತೃವಲ್ಲ, ಸಹಿ ಮಾತ್ರ. ತಪ್ಪಾದಾಗ ಬೈಸಿಕೊಳ್ಳಲೆಂದೇ ಇಟ್ಟ ಮನುಷ್ಯನಿಗೆ ನೈತಿಕ ಹೊಣೆ ಹೊರಿಸುವುದು ನ್ಯಾಯವಲ್ಲ. ತಡೆಯುವ ಅಧಿಕಾರ, ಯೋಚಿಸಲು ಬೇಕಾದ ಹೊತ್ತು, ಎರಡೂ ಇಲ್ಲದವರು ಕರ್ತೃವಾಗಲಾರರು. ಕಾಯ್ದೆ ಹೊಣೆಯನ್ನು ಹೊರಿಸುವುದು ಕಂಪನಿಯ ಮೇಲೆ. ಕಂಪನಿಯೊಳಗೆ ಬೇಡ ಎನ್ನುವ ಅಧಿಕಾರ ಯಾರಿಗೆ ಎಂಬುದನ್ನು ಪ್ರತಿ ಕಂಪನಿಯೂ ತಾನೇ ಬರೆದುಕೊಳ್ಳಬೇಕಾಗಿದೆ.